ಮೂರನೆಯ ತೋಟೆ

ಮಗು ಹುಟ್ಟಿದರೆ ಒಂದು ಗುಂಡು,
ಸತ್ತರೆ ಎರಡು.
ಕೋವಿಯಿರುವ ಮನೆಗಳ ಹಳೆಯ ಲೆಕ್ಕ ಇದು,
ಬರೆದಿಟ್ಟವರಿಲ್ಲ.
ನಮ್ಮಂಥವರು ಸದ್ದಿಲ್ಲದೆ ಹುಟ್ಟುತ್ತೇವೆ,
ಹಾಗೆಯೇ ಹೋಗುತ್ತೇವೆ.
ಆನೆಗೆ ಪಟಾಕಿ, ಅದಕ್ಕೆ ಲೆಕ್ಕವೇ ಇಲ್ಲ.
ಬೆಟ್ಟ ಜಾರಿದರೆ?

ಮೇ ತಿಂಗಳು ಶಾಲೆಯ ಜಗಲಿಯಲ್ಲಿ
ಸಭೆ ಕೂತು ಇದೊಂದೇ ಮಾತು.
ಸೈರನ್ ಕೊಡುತ್ತೇವೆ ಅಂದರು ಮಡಿಕೇರಿಯಿಂದ ಬಂದವರು.
ಕರೆಂಟು ಹೋದರೆ? ಅಂದ ಮೊಯ್ದು.
ಮೊಬೈಲಿಗೆ ಬರುತ್ತದೆ ಅಂದರು.
ಟವರಿನ ಡೀಸೆಲ್ ಮುಗಿದರೆ? ಅಂದದ್ದೂ ಅವನೇ.
ಕೊನೆಗೆ ಮೇದಪ್ಪ ತನ್ನ ಜೋಡುನಳಿಗೆ ಕೋವಿಯ ಮಾತೆತ್ತಿದ.
ಅವನ ಮನೆ ಎಲ್ಲರಿಗಿಂತ ಮೇಲೆ,
ಬಿರುಕು ಅವನ ಕಾಫಿ ಕಣದ ಅಂಚಿನಲ್ಲೇ:
ಹಿಂದಿನ ವರ್ಷ ಎರಡು ಬೆರಳು ಇಳಿಯುತ್ತಿದ್ದದ್ದು
ಆಗ ಅಂಗೈ ನುಂಗುತ್ತಿತ್ತು.
ಸರಿ, ಮೂರು ಗುಂಡು.
ಮೂರು ಮಾತ್ರ ಎಲ್ಲರದು.
ಕೇಳಿದೊಡನೆ ಚೀಲ ಹೆಗಲಿಗೆ, ಕಾಲು ಶಾಲೆಗೆ.

ನಾನು ಬಿಸಿಯೂಟದವಳು. ಶಾಲೆಯ ಬೀಗದ ಕೈ
ಕರಿಮಣಿಯ ಜೊತೆ ಕೊರಳಲ್ಲೇ ಇರುತ್ತದೆ,
ಮಳೆ ಹಿಡಿದ ಮೇಲೆ ಮೀಯುವಾಗಲೂ ತೆಗೆಯುವುದಿಲ್ಲ.
ನಡೆಯಲಾಗದವರ ಪಟ್ಟಿ ನನ್ನದೇ ಕೈಬರಹ:
ಮೊದಲ ಹೆಸರು ಬೊಳ್ಳವ್ವ, ಮೇದಪ್ಪನ ತಾಯಿ.
ಎರಡನೆಯದು ಲೈನ್‌ಮನೆಯ ಕರ್ಪಿ, ತುಂಬು ಬಸುರಿ.

ಕಕ್ಕಡ ಹದಿನೆಂಟರಂದು
ಮದ್ದುಸೊಪ್ಪಿನ ಪಾಯಸ ಉಂಡು
ನೇರಳೆ ನಾಲಿಗೆಯಲ್ಲೇ ಓಡುವ ಅಭ್ಯಾಸ ಮಾಡಿದೆವು.
ಪ್ಲಾಸ್ಟಿಕ್ ಕುರ್ಚಿಗೆ ಬಿದಿರು ಕಟ್ಟಿ
ಹುಡುಗರಿಬ್ಬರು ಬೊಳ್ಳವ್ವನನ್ನು ಹೊತ್ತರು.
'ಮದುವೆಯಾಗಿ ನಡೆದೇ ಬಂದವಳು ನಾನು,
ಪಲ್ಲಕ್ಕಿ ಈಗ ಬಂತು' ಎಂದು ನಕ್ಕಳು.

ಅದಾಗಿ ಒಂಬತ್ತು ದಿನ.
ಇಂಚು, ಸೆಂಟು ಬರೆಯುವುದನ್ನು ಎಸ್ಟೇಟಿನ ರೈಟರ್
ಬಿಟ್ಟು ಎರಡು ದಿನವಾಗಿತ್ತು.
ರಾತ್ರಿ ಎರಡೂಕಾಲು.
ಢಂ.
ಢಂ.

ನಾನು ಎದ್ದು ಕೂತೆ, ಗಂಡ ಎದ್ದು ಕೂತ.
ಜೋಡುನಳಿಗೆ ಅದು. ಎರಡು ಹೊಡೆದ ಮೇಲೆ
ಮಡಚಿ, ಖಾಲಿ ಕಿತ್ತು, ಮೂರನೆಯದು ತುಂಬಬೇಕು.
ಅದಕ್ಕೆಷ್ಟು ಹೊತ್ತು ಹಿಡಿಯುತ್ತದೆ ಎಂದು
ಸಭೆಯಲ್ಲಿ ಮೊಯ್ದುವೂ ಕೇಳಿರಲಿಲ್ಲ.
ಶೀಟಿನ ಮೇಲೆ ಮಳೆ. ಮಳೆಯ ಹಿಂದೆ
ಮಳೆಯದಲ್ಲದ ಇನ್ನೊಂದು ಸದ್ದು, ಇಲ್ಲವೇ ನನ್ನ ಕಿವಿ.
ತೋಟೆ ಥಂಡಿ ಹಿಡಿದಿದ್ದರೆ?
ಒತ್ತುವ ಬೆರಳೇ ಇಲ್ಲವಾಗಿದ್ದರೆ?
'ಸಾವು ಕಣೆ' ಅಂದ ಗಂಡ, 'ಬೆಳಿಗ್ಗೆ ಹೋದರಾಯಿತು.'
ನಾನು ಚೀಲ ತೆಗೆದುಕೊಂಡೆ.

ಬೀಗ ತೆಗೆಯುವಾಗ ಬೆನ್ನ ಹಿಂದೆ ಟಾರ್ಚುಗಳು.
ಎಷ್ಟು ಕೇಳಿಸಿತು ಎಂದು
ಯಾರೂ ಯಾರನ್ನೂ ಕೇಳಲಿಲ್ಲ.
ಕರ್ಪಿ ಬಂದಳು, ಗೊಬ್ಬರದ ಚೀಲದ ಕೊಪ್ಪೆ ಹೊದ್ದು.
ಮೊಯ್ದು ಬಂದ, ಆಡಿಗೆ ತನ್ನ ಅಂಗಿ ತೊಡಿಸಿ.
ನಲವತ್ತೊಂದು ತಲೆ. ಗಂಜಿಗೆ ನೀರಿಟ್ಟೆ.
ಕುರ್ಚಿ ಮಾತ್ರ ಬರಲಿಲ್ಲ.

ಬೆಳಕಾದಾಗ ಚೀಲ ಹೊತ್ತೇ ಮೇಲೆ ಹೋದೆವು.
ಬೆಟ್ಟ ನಿಂತಿತ್ತು.
ಒಳಗೆ ಬೊಳ್ಳವ್ವ, ತಲೆಯ ಬಳಿ ದೀಪ.
ಹೊರಲು ಓಡಿಬಂದಿದ್ದ ಹುಡುಗರು
ಕೈ ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದರು.
'ಮೂರನೆಯದೂ ತುಂಬಿದ್ದೆ' ಅಂದ ಮೇದಪ್ಪ,
'ಕಣದ ಕಡೆ ಏನೋ ಕರಕರ ಅಂದಿತು.
ಒತ್ತಿದ್ದರೆ ಅವ್ವನ ಸಾವು
ಬೆಟ್ಟದ ಲೆಕ್ಕಕ್ಕೆ ಹೋಗುತ್ತಿತ್ತು.'
ನನಗೆ ಸಿಟ್ಟು ಬಂತು.
ಸಾವಿನ ಮನೆ. ಆಡಲಿಲ್ಲ.

ಆ ವರ್ಷ ಬೆಟ್ಟ ಜಾರಲಿಲ್ಲ.
ಅಂಗೈ ಹೋಗುತ್ತಿದ್ದಲ್ಲಿ ಈಗ ಮೊಣಕೈ ಹೋಗುತ್ತದೆ.
ಕರ್ಪಿಗೆ ಎರಡನೇ ತರಗತಿಯ ಕೋಣೆಯಲ್ಲೇ ಹೆಣ್ಣು ಹುಟ್ಟಿತು.
ಗುಂಡು ಹಾರಲಿಲ್ಲ.

ಈ ಮೇ ಸಭೆಯಲ್ಲಿ ಮತ್ತೆ ಅದೇ:
ಮೂರು ಗೊಂದಲ, ಐದಿರಲಿ, ಗಂಟೆ ಕಟ್ಟೋಣ.
ನಾನಂದೆ, ಎರಡಕ್ಕೇ ಏಳೋಣ,
ಸಾವಿಗೂ ಎದ್ದು ಹೋಗಲೇಬೇಕಲ್ಲ.
ನಡಾವಳಿಯಲ್ಲಿ ಅದನ್ನು ಬರೆಯಲಿಲ್ಲ.

ಮನೆಗೆ ಹೊರಟಾಗ ಮೇದಪ್ಪ
ಜೇಬಿನಿಂದ ಆ ತೋಟೆ ತೆಗೆದು ನನ್ನ ಕೈಗಿಟ್ಟ.
ಕೆಂಪು ಮೈ, ಹಿತ್ತಾಳೆ ಬುಡ.
ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದೇನೆ, ಥಂಡಿ ತಾಗದ ಹಾಗೆ.
ಒಣಗಿದೆಯೋ ಇಲ್ಲವೋ
ಹೊಡೆದೇ ನೋಡಬೇಕು.