ಹಾಜರಿ

ಸ್ಕೆಲ್‌ಥಾರ್ಪ್ ಟೌನ್ ತಂಡದ ಚರಿತ್ರೆಯೆಲ್ಲ
ಈ ಬಿಸ್ಕತ್ತಿನ ಡಬ್ಬದೊಳಗಿದೆ:
ಹನ್ನೊಂದು ನೋಟುಬುಕ್ಕು, ಪೆನ್ಸಿಲ್ ಬರಹ,
ಸಿರಿಲ್ ಥ್ರೆಲ್‌ಫಾಲ್‌ನ ಇರುವೆಸಾಲು ಅಕ್ಷರ.
ಎದುರಾಳಿ, ಗೋಲು, ಹವೆ, ಹಾಜರಿ.
ಇಷ್ಟೇ ಮನೆ. ಇಷ್ಟರಲ್ಲಿ ಹಿಡಿಯದ್ದು ನಡೆದೇ ಇಲ್ಲವೆಂದು ಲೆಕ್ಕ.

೧೯೫೧–೫೨. ಹದಿನೇಳನೆಯ ಸ್ಥಾನ.
ಹೊಸ ಗೋಲ್‌ಕೀಪರ್ ಗಣಿಯ ರಾತ್ರಿಪಾಳಿ ಮುಗಿಸಿ ನೆಟ್ಟಗೆ ಬರುತ್ತಾನೆ,
ಮೊದಲರ್ಧ ಚೆನ್ನಾಗಿ ಆಡುತ್ತಾನೆ.
೫೨–೫೩. ಹದಿನೇಳು.
೫೩–೫೪. ಹದಿನೇಳು. ಅಂಚಿನಲ್ಲಿ ಸಣ್ಣಗೆ: ಮಾತಿಗೆ ತಪ್ಪದ ತಂಡ.

೧೯೫೭, ಜನವರಿ. ಕಪ್ಪಿನ ಮೂರನೆಯ ಸುತ್ತು.
ಲಂಡನ್ನಿನ ದೊಡ್ಡವರು ಬಸ್ಸಿನಿಂದಿಳಿದು
ನಮ್ಮ ಮೈದಾನದ ಇಳಿಜಾರು ನೋಡಿ
ಕುರಿಗಳನ್ನು ಎಲ್ಲಿ ಕೂಡಿಟ್ಟಿದ್ದೀರಿ ಎಂದು ಕೇಳಿದರಂತೆ.
ಸೊನ್ನೆ–ಸೊನ್ನೆ. ಮಂಜು.
ಹಾಜರಿ ೯೪೦೬, ಗ್ಯಾಸ್ ಟ್ಯಾಂಕು ಹತ್ತಿದ ಹುಡುಗರು ೩೧ ಸೇರಿ.
ಮರುಪಂದ್ಯದ ಹಾಳೆ ಮುಂದಿನದಕ್ಕೆ ಅಂಟಿಕೊಂಡಿದೆ.
ಏಳು ಗೋಲು ತಿಂದದ್ದು ಊರಿಗೆಲ್ಲ ಗೊತ್ತು;
ಬಿಡಿಸಲು ಹೋಗಲಿಲ್ಲ ನಾನು.

೧೯೬೩. ಕ್ರಿಸ್ಮಸ್ಸಿನಿಂದ ಮಾರ್ಚಿನವರೆಗೆ ನೆಲ ಕಲ್ಲು.
ಆಟವಿಲ್ಲ. ಆದರೂ ಶನಿವಾರ ಶನಿವಾರ ಒಂದೊಂದು ಸಾಲು:
ಎದುರಾಳಿ ಗೀಟು, ಗೋಲು ಗೀಟು, ಹಿಮ, ೦.
ಹಿಮ, ೦.
ಹಿಮ, ಮೂರಕ್ಕೆ ಸ್ವಲ್ಪ ಬಿಸಿಲು, ೦.

೧೯೭೨. ಕೊನೆಯ ಸ್ಥಾನ.
ಹೋಟೆಲೊಂದರಲ್ಲಿ ವೋಟು ಹಾಕಿ ನಮ್ಮನ್ನು ಲೀಗಿನಿಂದ ಹೊರಗಿಟ್ಟರು.
ನಮಗೆ ಬಿದ್ದದ್ದು ಹದಿನೇಳು.
ಸಿರಿಲ್ ಅದಕ್ಕೆ ಎರಡು ಅಡಿಗೆರೆ ಎಳೆದಿದ್ದಾನೆ.

೧೯೮೪. ಗೇಟಿನಲ್ಲಿ ಟಿಕೆಟ್ಟಿನ ದುಡ್ಡಿನ ಜೊತೆ
ಒಂದು ಬೀನ್ಸ್ ಡಬ್ಬ, ಮುಷ್ಕರದವರ ಅಡುಗೆಮನೆಗೆ.
ನವೆಂಬರಿನಲ್ಲಿ ಗಣಿಗೆ ಮರಳಿದ ಲೆನ್ ಆಸ್ಪಿನಾಲ್‌ಗೆ
ತೊಂಬತ್ತು ನಿಮಿಷ ಯಾರೂ ಚೆಂಡು ಕೊಡಲಿಲ್ಲ, ತನ್ನವರೇ.
ಥ್ರೋ ಎರಡು ಸಿಕ್ಕವು. ಎಸೆದ.
ಕೂಗಿದವರಲ್ಲಿ ನಾನೂ ಒಬ್ಬಳು.
ಪುಸ್ತಕ ಹೇಳುವುದು: ೨–೧, ಬಿಸಿಲು, ೧೧೧೮.

೧೯೯೨–೯೩. ಬಸ್ ಡ್ರೈವರ್ ಡೆಲ್‌ರಾಯ್ ಪಿನ್ನಕ್, ಮೂವತ್ತೊಂದು ಗೋಲು.
ಚಾಂಪಿಯನ್ನರಾದೆವು.
ಹೆಂಗಸರ ಪಾಯಿಖಾನೆ ಒಂದು ಕಡಿಮೆಯೆಂದು ಮೇಲಕ್ಕೆ ಬಿಡಲಿಲ್ಲ.
ಇದ್ದ ಒಂದಕ್ಕೆ ಹೋಗುತ್ತಿದ್ದವಳು ನಾನೊಬ್ಬಳೇ.

೨೦೦೪. ಮೈದಾನ ಮಾರಾಟ.
ಪೆನಾಲ್ಟಿ ಚುಕ್ಕೆಯಿದ್ದಲ್ಲಿ ಈಗ ಬಾತ್‌ಟಬ್ಬು ಮಾರುತ್ತಾರೆ.
ಸಾಲ ತೀರಿ ಉಳಿದದ್ದು ಹೆಸರು, ಹಸಿರು ಅಂಗಿ, ನನ್ನ ಟೀ ಬಾಯ್ಲರು.
ಮರುವರ್ಷ ಶಾಲೆಯ ಹಿಂದಿನ ಬಯಲು, ಒಂಬತ್ತನೆಯ ಮೆಟ್ಟಿಲು,
ಎದುರಾಳಿ ಯಾವುದೋ ಇಟ್ಟಿಗೆ ಕಾರ್ಖಾನೆ:
೪–೪, ಗಾಳಿ, ೫೮. ನಾಯಿ ಬಿಟ್ಟು.

ಮೊನ್ನೆ ಫೆಬ್ರವರಿಯಲ್ಲಿ ಸಿರಿಲ್ ಹೋದ.
ಡಬ್ಬ ನನ್ನ ಪಾಲಿಗೆ ಬಂತು, ಮೊಂಡು ಪೆನ್ಸಿಲ್ ಸಮೇತ.
ಮುಂದಿನ ಶನಿವಾರ, ಅರ್ಧ ಆಟ ಕಳೆದು ಗಿರಾಕಿ ಕರಗಿದ ಮೇಲೆ,
ಟೀ ಕಿಟಕಿಯಿಂದಲೇ ಎಣಿಸಿದೆ. ಅರವತ್ತಮೂರು.
ಮತ್ತೆ ಎಣಿಸಿದೆ. ಅರವತ್ತಮೂರು.
ಲಾಟರಿ ಚೀಟಿ ಮಾರುವ ಹುಡುಗಿ ಬೆರಳು ಮಡಚಿ ಮಡಚಿ ನೋಡಿ
'ಅರವತ್ನಾಲ್ಕು, ಮಾವಿಸ್ ಆಂಟಿ. ನೀವು?' ಅಂದಳು.

ರಾತ್ರಿ ಅಡುಗೆಮನೆಯ ಮೇಜಿನ ತುಂಬ ಹನ್ನೊಂದೂ ಪುಸ್ತಕ ಹರವಿದೆ.
ಎಲ್ಲ ಮೊತ್ತಕ್ಕೂ ಒಂದೊಂದು ಕೂಡಿಸುವುದು, ಅಷ್ಟೇ ತಾನೆ.
ಅರವತ್ಮೂರನೆಯ ಇಸವಿಯ ಹಾಳೆಗೆ ಬಂದು
ರಬ್ಬರು ಹಿಡಿದ ಕೈ ನಿಂತಿತು.
ಸೊನ್ನೆ ಎಂದು ಬರೆಯಬೇಕಾದರೂ
ಗೇಟಿನವರೆಗೆ ನಡೆದು ಹೋಗಿ ನೋಡಬೇಕಲ್ಲ.
ಆ ಹಿಮದಲ್ಲಿ. ಹತ್ತು ಸಲ.

ತಿದ್ದಲಿಲ್ಲ.

ಬ್ರಾಕ್‌ಹೋಮ್ ಯುನೈಟೆಡ್, ೧–೧, ಜಿಟಿಜಿಟಿ, ೬೩.