ಹೆಬ್ಬೆಟ್ಟಿನಗಲ

ಕುಂಸಿ ಸ್ಟೇಷನ್ನಿನ ಹಳೇ ದಿನಚರಿಯಲ್ಲಿ ಇರುವುದು ಇಷ್ಟೇ:
'ಹಳಿಯ ಮೇಲೆ ಹಂಚು. ಗೂಡ್ಸು ಎರಡು ತಾಸು ತಡ.'
ಏಪ್ರಿಲ್ ಹನ್ನೊಂದು, ಐವತ್ತೇಳು.
ಯಾರ ಮನೆಯ ಹಂಚು, ಬರೆದಿಲ್ಲ.
ನನಗೆ ಹುಚ್ಚು ಹಿಡಿದದ್ದು ಅಲ್ಲಿಂದ.

ಹಾರೆಕೊಪ್ಪದ ಶಾಲೆಯ ಹಾಜರಿಯಲ್ಲಿ ಮೂರು ದಿನ ಬರೀ ಗೀಟು.
ನಾಲ್ಕನೆಯ ದಿನ ಮೇಷ್ಟರ ಮೋಡಿ ಅಕ್ಷರ:
'ಮಾವಿನ ಮರದಡಿ ಪಾಠ. ಕರಿಹಲಗೆ ಇನ್ನೂ ಸಿಕ್ಕಿಲ್ಲ.'
ಅರಣ್ಯ ಇಲಾಖೆಯ ಲೆಕ್ಕ ಮಾತ್ರ ಚೊಕ್ಕ:
ತೇಗ ಇನ್ನೂರ ಹದಿನಾಲ್ಕು, ಹೊನ್ನೆ ಮೂವತ್ತೊಂದು,
ನಂದಿ ಲೆಕ್ಕವಿಲ್ಲ.
ಗಾರ್ಡು ಸಾಬ್‌ಜಾನ್ ಯಾಕೋ ಒಂದೊಂದು ಮರದ ಮುಂದೆಯೂ
ಅದರ ತಲೆ ಯಾವ ದಿಕ್ಕಿಗೆ ಬಿತ್ತೆಂದು ಬರೆದಿದ್ದಾನೆ.
ಹರಾಜಿಗೆ ಅದು ಬೇಕಿರಲಿಲ್ಲ.
ಯಾರಿಗೆ ಬೇಕಾದೀತೆಂದು ಬರೆದೆಯೋ, ಮಾರಾಯ.

ಹಳ್ಳದ ಮೂಡಲಿನವು ಬಡಗಕ್ಕೆ, ಪಡುವಲಿನವು ತೆಂಕಕ್ಕೆ,
ನಡುವಿನವು ಒಂದರ ಮೇಲೊಂದು,
ಕಡ್ಡಿಪೆಟ್ಟಿಗೆ ಚೆಲ್ಲಿದ ಹಾಗೆ.
ಆ ರಾತ್ರಿ ಲಾಟೀನು ಆರಿಸದೆ ಕೂತಿದ್ದೆ:
ಬೀಸಿ ಹೋದದ್ದಲ್ಲ ಇದು, ತಿರುಗಿದ್ದು.

ಜನ ಒಪ್ಪಬೇಕಲ್ಲ.
ಹಾರೆಕೊಪ್ಪದವರಿಗೆ ಅದು ಪಡುವಲಿಂದ ಬಂದದ್ದು.
ಕಲ್ಲುಹಕ್ಲಿನವರಿಗೆ, ಬಂದದ್ದೆಲ್ಲಿಂದ, ಇಲ್ಲೇ ಕೆರೆಯಿಂದ ಎದ್ದದ್ದು,
ಸೊಂಡಿಲು ಇಳಿಬಿಟ್ಟು ನೀರು ಕುಡಿದದ್ದು, ಮೀನು ಸಮೇತ.
ಗಿರಣಿ ವಾಸಪ್ಪಶೆಟ್ಟರ ಮೊಮ್ಮಗ
ಮೂರು ಮೈಲಿಯಾಚೆ ಸಿಕ್ಕ ತಗಡನ್ನು
ಇನ್ನೂ ಕೋಳಿಗೂಡಿಗೆ ಅಡ್ಡ ಕಟ್ಟಿದ್ದಾನೆ.
ಅದರ ಮೇಲೆ 'ಶೆಟ್ಟ' ಉಳಿದಿದೆ, 'ರು' ಇಲ್ಲ.

ನಕ್ಷೆಯ ಮೇಲೆ ಕೆಂಪು ಪೆನ್ಸಿಲ್ಲು ಎಳೆಯುತ್ತ ಬಂದೆ.
ಇನ್ನೂರು ಗಜ ಅಗಲ, ಏಳು ಮೈಲಿ ಉದ್ದ,
ನಡುವೆ ಒಂದೂವರೆ ಮೈಲಿ ಖಾಲಿ.
ತಾಲ್ಲೂಕು ಕಚೇರಿಯ ನಷ್ಟದ ಪಟ್ಟಿ ನೋಡಿದರೆ
ಆ ಸರ್ವೆ ನಂಬರಿನಲ್ಲಿ ಮನೆಗಳಿಲ್ಲ,
ಆದ್ದರಿಂದ ಬಿದ್ದಿಲ್ಲ.
ಗಾಳಿ ಅಲ್ಲಿ ನೆಲ ಬಿಟ್ಟು ಎಗರಿರಬೇಕು,
ಎಗರುವುದುಂಟು, ಪುಸ್ತಕದಲ್ಲಿದೆ.
ಅಂಚಿನಲ್ಲಿ ಹಾಗೆಂದೇ ಬರೆದೆ, ಶಾಯಿಯಲ್ಲಿ.

'ಎಗರ್ತು ಅಂತೀಯ?' ಅಂದಳು ಪೆದ್ದಕ್ಕ,
ಎಲೆಗೆ ಸುಣ್ಣ ಸವರುತ್ತ. 'ಎಗರಿದ್ದು ನಾವು.'
ರೈಲು ಹಳಿಗೆ ಜಲ್ಲಿ ಒಡೆಯಲು ಬಂದವರು,
ಇಪ್ಪತ್ತೆರಡು ಬಿಡಾರ, ತಟ್ಟಿಗೋಡೆ.
ಅವಳಿಗಾಗ ಹತ್ತೋ ಹನ್ನೊಂದೋ.
'ಸುತ್ತಿಗೆ ಹಾಕಿದಲ್ಲೇ ಇತ್ತು ಕಣಪ್ಪ.
ನಮ್ಮಣ್ಣ ಇರಲಿಲ್ಲ.'
ಬುಡ್ಡಪ್ಪ ಅಂತ ಅವನ ಹೆಸರು.
ಎಲ್ಲಿ ಸಿಕ್ಕ ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.
ಎಲೆ ಮಡಿಸಿ ಬಾಯಿಗಿಟ್ಟಳು.

ಆಮೇಲೆ ನಕ್ಷೆಯತ್ತ ಬಗ್ಗಿ, 'ನಾವಿದ್ದದ್ದು ಎಲ್ಲಿ ಇದರಾಗೆ?'
ಖಾಲಿ ತೋರಿಸಿದೆ.
ಹೆಬ್ಬೆಟ್ಟು ಊರಿದಳು ಅಲ್ಲಿ, ಕೂಲಿ ಪಟ್ಟಿಗೆ ಒತ್ತುವ ಹಾಗೆ,
ಬಲವಾಗಿ, ಉಗುರು ಬೆಳ್ಳಗಾಗುವಷ್ಟು.

ಸುಣ್ಣದ ಗುರುತು ಒಣಗಿದೆ ಈಗ.
ನನ್ನ ಅಳತೆಪಟ್ಟಿ ಇಟ್ಟು ನೋಡಿದರೆ
ಅಲ್ಲಿ ಗಾಳಿಯ ಅಗಲ ಮುಕ್ಕಾಲು ಮೈಲಿ.
ಅಷ್ಟಿರಲು ಸಾಧ್ಯವಿಲ್ಲ, ನನಗೆ ಗೊತ್ತು.
ರಬ್ಬರು ಮೇಜಿನ ಮೇಲೇ ಇದೆ.