ಚಳಿಯಲ್ಲೇ ಹೊರಡು

ಪೆರುವಿನ ವಾರಾಸ್ ಪೇಟೆ, ಬಾಡಿಗೆ ಅಂಗಡಿ.
ಎರ್ಮೆಲಿಂದಾ ನನ್ನ ಚೀಲವನ್ನು
ಮೇಜಿನ ಮೇಲೆ ಬೋರಲು ಸುರಿದಳು.

ಹತ್ತಿಯ ಬನಿಯನ್ನು ಎರಡೇ ಬೆರಳಲ್ಲಿ ಎತ್ತಿ,
"ಇದು ಇಲ್ಲೇ ಇರಲಿ.
ಬೆವರು ಕುಡಿದರೆ ಮೈ ಬಿಡದ ಜಾತಿ."

ಮೈಗೆ ತಾಗಿ ತೆಳ್ಳನೆಯ ಉಣ್ಣೆ.
ಮೇಲೆ ಅವಳತ್ತೆ ಹೆಣೆದ ಅಲ್ಪಾಕಾ ಸ್ವೆಟರು,
ಮೊಣಕೈಗೆ ಬೇರೆ ಬಣ್ಣದ ತೇಪೆ.
ಗಾಳಿಗೊಂದು ಕೋಟು, ಕಂಕುಳಲ್ಲಿ ಜಿಪ್ಪು.
ಪುಕ್ಕದ ಜಾಕೆಟ್ಟು ಮಾತ್ರ ಚೀಲದೊಳಗೆ:
"ನಿಂತಾಗ ಹಾಕು, ನಡೆವಾಗ ಬಿಚ್ಚು.
ಹೊರಡುವಾಗ ಹಲ್ಲು ಕಟಕಟ ಅನ್ನಬೇಕು.
ಬೆಚ್ಚಗೆ ಹೊರಟವರು
ಮೊದಲ ಏರಿಗೇ ಒದ್ದೆ.
ಒದ್ದೆಯಾದವರು..."
ರಸೀದಿ ಬರೆಯತೊಡಗಿದಳು.

ಜಾಕೆಟ್ಟಿನ ಜೇಬಲ್ಲಿ ಯಾರೋ ಬಿಟ್ಟ
ನಾಲ್ಕು ಕೋಕಾ ಎಲೆ, ಒಂದು ಗುಂಡಿ.

ಗೋಡೆಯ ಮೊಳೆಯಲ್ಲಿ ಇನ್ನೊಂದಿತ್ತು, ಕಡುನೀಲಿ,
ನನ್ನ ಅಳತೆಯದೇ.
ಅದು ಕೊಡ್ತೀರಾ? ಎಂದೆ.
"ಅದಿನ್ನೂ ಒಣಗಿಲ್ಲ."
ಮುಟ್ಟಿದೆ. ತೋಳಿನ ಮೇಲೆ
ನನ್ನ ಬೆರಳಿನ ಗೆರೆ ಮೂಡಿತು,
ಅಷ್ಟು ಧೂಳು.

ಮೂರನೆಯ ದಿನ, ನಸುಕಿನ ನಾಲ್ಕು.
ಟೆಂಟಿನ ಹೊರಗೆ ಹೆಪ್ಪುಗಟ್ಟಿದ ಬೂಟು ಕುಟ್ಟಿ ಮೆಟ್ಟಿ,
ಅತ್ತೆಯ ಸ್ವೆಟರನ್ನು ಬಿಚ್ಚಿ
ಚೀಲಕ್ಕೆ ತುರುಕಿದೆ.
ಹಲ್ಲು ಕಟಕಟ.
ಸರಿ, ಹೊರಡೋಣ.